ಬೆಳಗಿನ ಸ್ಟಾರ್ಟ್‌ಗೆ ಎಷ್ಟು ಸೆಕೆಂಡ್ ಬೇಕು?

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ್ದು): ಕಾರು ಇರುವವರೆಲ್ಲ ತಪ್ಪದೆ ಓದಿ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಒಂದು ಸೆಕೆಂಡಿನೊಳಗೆ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಸವೆದಿದೆ ಎಂದೇ ಅರ್ಥ! ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ನಿಂತಲ್ಲೇ ಬಿಸಿಯಾಗಲು ಬಿಡಿ. ಎಲ್ಲರಿಗೂ ಕಳುಹಿಸಿ.

ಅಕ್ಕ: ಇದನ್ನು ಓದಿ ಎದೆ ಧಸಕ್ಕೆಂದಿತು. ನಮ್ಮ ಕಾರು ಈಚೆಗೆ ಬೆಳಿಗ್ಗೆ ನಾಲ್ಕೈದು ಸೆಕೆಂಡ್ ತೆಗೆದುಕೊಳ್ಳುತ್ತಿದೆ. ಎಂಜಿನ್ ಬಿಚ್ಚಿಸಬೇಕೇ?

ದೊಡ್ಡಪ್ಪ: ಹೆದರಬೇಡ ಮಗಳೇ, ಐದು ಸೆಕೆಂಡ್ ಏನೂ ಅಲ್ಲ. ನಾನು ಓಡಿಸಿದ ಕಾರುಗಳಲ್ಲಿ ಚೋಕ್ ಎಳೆದು, ಪೆಡಲ್ ಎರಡು ಸಲ ತುಳಿದು, ಎಷ್ಟು ಹೊತ್ತು ತಿರುಗಿಸಿದರೂ ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತಿರಲಿಲ್ಲ. ಆ ಎಂಜಿನ್‌ಗಳಿಗೆ ಏನೂ ಆಗಲಿಲ್ಲ.

ನಾನು: ದೊಡ್ಡಪ್ಪ, ಅದು ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನ ಕಾರ್ಬ್ಯುರೇಟರ್ ಕಾಲದ ಲೆಕ್ಕ. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್‌ಗೆ ಅದನ್ನು ಹಚ್ಚಲಾಗದು. ಈಗ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ, ಕೀ ಆನ್ ಮಾಡಿದೊಡನೆ ಪೈಪಿನಲ್ಲಿ ಒತ್ತಡ ತುಂಬುತ್ತದೆ. ಮೈ ಕೊರೆಯುವ ಚಳಿ ಇಲ್ಲದಿದ್ದರೆ, ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಒಂದೆರಡು ಸೆಕೆಂಡಿನಲ್ಲಿ ಸ್ಟಾರ್ಟ್ ಆಗಬೇಕು. ದಿನವೂ ಐದು ಸೆಕೆಂಡ್ ಎಂದರೆ ಏನೋ ಕೆಟ್ಟಿದೆ. ಆದರೆ ಅದು ಎಂಜಿನ್ ಸವೆತವೇ ಎನ್ನುವುದು ಶುದ್ಧ ತಪ್ಪು. ಇಂಥ ಸಂದೇಶ ನಂಬಿಯೇ ಜನ ಬೇಡದ ರಿಪೇರಿಗೆ ದುಡ್ಡು ಸುರಿಯುತ್ತಾರೆ.

ಚಿಕ್ಕಪ್ಪ: ನೀನೇ ಒಂದೆರಡು ಸೆಕೆಂಡ್ ಎಂದೆಯಲ್ಲ. ಒಂದಕ್ಕೂ ಎರಡಕ್ಕೂ ಅಷ್ಟೇನು ಅಂತರ?

ನಾನು: ಅಂತರವಿದೆ ಚಿಕ್ಕಪ್ಪ. ಸ್ಟಾರ್ಟರ್ ಮೋಟಾರ್ ಎಂಜಿನನ್ನು ನಿಮಿಷಕ್ಕೆ ಸುಮಾರು 200ರಿಂದ 250 ಸುತ್ತು ತಿರುಗಿಸುತ್ತದೆ. ಅಂದರೆ ಸೆಕೆಂಡಿಗೆ ಮೂರು, ನಾಲ್ಕು ಸುತ್ತು ಮಾತ್ರ. ಯಾವ ಸಿಲಿಂಡರಿನ ಸರದಿ ಬಂದಿದೆ ಎಂದು ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳಿಂದ ತಿಳಿದುಕೊಳ್ಳಲು ಎಂಜಿನ್ನಿನ ಕಂಪ್ಯೂಟರಿಗೇ ಒಂದೆರಡು ಸುತ್ತು ಬೇಕಾಗಬಹುದು. ಆಮೇಲೆ ತಾನೇ ಪೆಟ್ರೋಲ್, ಕಿಡಿ ಎಲ್ಲ? ಒಂದು ಸೆಕೆಂಡ್ ದಾಟಿತೆಂದು ಎಂಜಿನ್ ಸವೆದಿದೆ ಎನ್ನುವುದು ಅನ್ಯಾಯ. ಸವೆದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಎಳೆತ ಕುಗ್ಗುತ್ತದೆ. ಅಕ್ಕ, ಇದರಲ್ಲಿ ಯಾವುದಾದರೂ ಇದೆಯೇ?

ಅಕ್ಕ: ಒಂದೂ ಇಲ್ಲ. ಮಧ್ಯಾಹ್ನ, ಸಂಜೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಮಾತ್ರ ಈ ರಗಳೆ.

ಭಾವ: ಮೆಕ್ಯಾನಿಕ್ ಸದ್ದನ್ನೂ ಕೇಳದೆ ಬ್ಯಾಟರಿ ಬದಲಿಸಿ ಎಂದ. ಬದಲಿಸಿದ್ದಾಯಿತು. ತೊಂದರೆ ಹಾಗೆಯೇ ಇದೆ.

ನಾನು: ಭಾವ, ಇದೇ ನನಗೆ ಸಿಟ್ಟು ಬರಿಸುವುದು. ಸದ್ದು ಕೇಳದೆ ಬ್ಯಾಟರಿಯ ಮೇಲೆ ತಪ್ಪು ಹೊರಿಸುವುದು ಹೇಗೆ? ಸ್ಟಾರ್ಟರ್ ನಿಧಾನವಾಗಿ, ಏದುಸಿರು ಬಿಡುತ್ತಾ ತಿರುಗಿದರೆ ಬ್ಯಾಟರಿ, ಟರ್ಮಿನಲ್, ಅರ್ಥ್ ವಯರ್, ಸ್ಟಾರ್ಟರ್ ಇವುಗಳನ್ನು ನೋಡಬೇಕು. ಚುರುಕಾಗಿ ತಿರುಗಿದರೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ಇಂಧನ, ಕಿಡಿ, ಸೆನ್ಸರ್ ಕಡೆ ಹೋಗಬೇಕು. ಸೆಕೆಂಡ್ ಎಣಿಸುವುದಕ್ಕಿಂತ ಇದು ಮುಖ್ಯ. ನಿಮ್ಮದು ಯಾವುದು?

ಭಾವ: [ಧ್ವನಿ ಸಂದೇಶ 0:09] ಇವತ್ತು ಬೆಳಗಿನದು. ಮೀಟರ್ ಕೂಡ ಇಟ್ಟು ನೋಡಿದೆ. ನಿಂತಾಗ 12.6 ವೋಲ್ಟ್, ಸ್ಟಾರ್ಟರ್ ತಿರುಗುವಾಗ 10.8.

ನಾನು: ಕೇಳಿದೆ. ಮೊದಲ ತಿರುವಿನಿಂದ ಕೊನೆಯವರೆಗೆ ಒಂದೇ ವೇಗ, ಎಲ್ಲೂ ತಗ್ಗಿಲ್ಲ. 12.6 ಎಂದರೆ ಬ್ಯಾಟರಿ ತುಂಬಿದೆ. ತಿರುಗುವಾಗ 9.6ಕ್ಕಿಂತ ಕೆಳಗಿಳಿದಿದ್ದರೆ ಅನುಮಾನಿಸಬೇಕಿತ್ತು. ಅಲ್ಲೇನೂ ದೋಷವಿಲ್ಲ. ನನ್ನ ಅನುಮಾನವೆಲ್ಲ ಪಂಪಿನ ಚೆಕ್ ವಾಲ್ವ್ ಮೇಲೆ. ಕಾರು ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿಸುವುದು ಅದರ ಕೆಲಸ. ಅದು ಸೋರಿದರೆ ರಾತ್ರಿ ಕಳೆಯುವುದರೊಳಗೆ ಪೆಟ್ರೋಲ್ ಟ್ಯಾಂಕಿಗೆ ಹಿಂದಿರುಗುತ್ತದೆ, ಬೆಳಿಗ್ಗೆ ಒತ್ತಡ ಮತ್ತೆ ತುಂಬುವವರೆಗೆ ಸ್ಟಾರ್ಟ್ ತಡವಾಗುತ್ತದೆ. ನಾಳೆ ಬೆಳಿಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕೆಳಗಿಂದ ಸಣ್ಣಗೆ ಗುಂಯ್ ಎಂದು ಎರಡು ಸೆಕೆಂಡ್ ಕೇಳಿಸಿ ನಿಲ್ಲುತ್ತದೆ. ಆಫ್ ಮಾಡಿ, ಇನ್ನೆರಡು ಸಲ ಹಾಗೆಯೇ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ ನೋಡಿ.

ಚಿಕ್ಕಪ್ಪ: ನನ್ನದು ಡೀಸೆಲ್. ಅದಕ್ಕೂ ಇದೇ ಲೆಕ್ಕವೇ?

ನಾನು: ಇಲ್ಲ, ಅದರಲ್ಲಿ ಕಿಡಿಯೇ ಇಲ್ಲ, ಗಾಳಿಯನ್ನು ಒತ್ತಿ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಮೊದಲು ಬಿಸಿಯಾಗಬೇಕು, ಸುರುಳಿ ಚಿಹ್ನೆಯ ದೀಪ ಆರಿದ ಮೇಲೆಯೇ ಸ್ಟಾರ್ಟ್ ಮಾಡಿ. ಡೀಸೆಲ್ಲಿನಲ್ಲಿ ಎಂಜಿನ್ ಸವೆದು ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತುವ ಶಕ್ತಿ, ಕುಗ್ಗಿದರೆ ಬೆಳಗಿನ ಸ್ಟಾರ್ಟ್ ನಿಜಕ್ಕೂ ಕಷ್ಟವಾಗುತ್ತದೆ. ನಿಮ್ಮ ಸಂದೇಶ ಅಷ್ಟರ ಮಟ್ಟಿಗೆ ಸರಿ. ಆದರೂ ಮೊದಲು ನೋಡಬೇಕಾದ್ದು ಗ್ಲೋ ಪ್ಲಗ್.

ದೊಡ್ಡಪ್ಪ: ಹತ್ತು ನಿಮಿಷ ಬಿಸಿ ಮಾಡುವುದು ಮಾತ್ರ ಒಳ್ಳೆಯ ಅಭ್ಯಾಸ. ಅದನ್ನು ನಾನು ಬಿಡುವುದಿಲ್ಲ.

ನಾನು: ಅದನ್ನೂ ಒಪ್ಪಲಾರೆ ದೊಡ್ಡಪ್ಪ. ತಣ್ಣಗಿರುವಾಗ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋಗುತ್ತದೆ. ನಿಂತಲ್ಲೇ ಬಿಟ್ಟರೆ ಬಿಸಿಯೇರುವುದೂ ತಡ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತದೆ. ಅರ್ಧ ನಿಮಿಷ ಬಿಟ್ಟು, ಎಂಜಿನ್ ಬಿಸಿಯಾಗುವವರೆಗೆ ಮೆಲ್ಲಗೆ ಓಡಿಸಿದರೆ ಸಾಕು.

ದೊಡ್ಡಪ್ಪ: ನೀನು ಹೇಳಿದೆ, ನಾನು ಕೇಳಿದೆ. ನನ್ನ ಕಾರು, ನನ್ನ ಹತ್ತು ನಿಮಿಷ.

ಮರುದಿನ

ಅಕ್ಕ: ಮೂರು ಸಲ ಗುಂಯ್ ಎನ್ನಿಸಿ ಸ್ಟಾರ್ಟ್ ಮಾಡಿದೆ. ಒಂದೇ ಸೆಕೆಂಡಿನಲ್ಲಿ ಆಯಿತು! ಮೊದಲು ವೇಗವಾಗಿ ಸದ್ದು ಮಾಡಿ ಆಮೇಲೆ ಇಳಿಯಿತು, ಅದು ಸರಿಯೇ?

ನಾನು: ಸರಿಯೇ. ತಣ್ಣಗಿದ್ದಾಗ ನಿಮಿಷಕ್ಕೆ 1,200 ಸುತ್ತಿನ ಆಸುಪಾಸು ನಿಂತು, ಬಿಸಿಯಾದಂತೆ 800ರ ಹತ್ತಿರಕ್ಕೆ ಬರುವುದು ಸಹಜ.

ದೊಡ್ಡಪ್ಪ: ಹಾಗಾದರೆ ದಿನವೂ ಮೂರು ಸಲ ಕೀ ತಿರುಗಿಸಲಿ. ರಿಪೇರಿ ಏಕೆ?

ನಾನು: ಸದ್ಯಕ್ಕೆ ನಡೆಯುತ್ತದೆ. ಆದರೆ ಒತ್ತಡ ಸೋರುವುದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನಿಂದಲೂ ಆಗಬಹುದು. ಹಾಗಿದ್ದರೆ ಪೆಟ್ರೋಲ್ ಸಿಲಿಂಡರಿಗೇ ಇಳಿದು ಆಯಿಲಿಗೆ ಸೇರುತ್ತದೆ. ಅದನ್ನು ನೋಡದೆ ಬಿಡುವುದು ಸರಿಯಲ್ಲ.

ಭಾವ: ಗ್ಯಾರೇಜಿನಲ್ಲಿ ಏನೆಂದು ಹೇಳಲಿ? ಪಂಪ್ ಬದಲಿಸಿ ಎನ್ನಲೇ?

ನಾನು: ಬೇಡ ಭಾವ. ಇಂಧನದ ಒತ್ತಡಕ್ಕೆ ಗೇಜ್ ಹಾಕಿ, ಎಂಜಿನ್ ಆಫ್ ಮಾಡಿ, ಎಷ್ಟು ಬೇಗ ಇಳಿಯುತ್ತದೆ ನೋಡಿ ಎನ್ನಿ. ಪಂಪಿನ ಕಡೆಯೋ ಇಂಜೆಕ್ಟರಿನ ಕಡೆಯೋ ಎಂದು ತೋರಿಸಿದ ಮೇಲೆ ಒಪ್ಪಿಗೆ ಕೊಡಿ. ಬ್ಯಾಟರಿಯ ಹಾಗೆ ಊಹೆಯ ಮೇಲೆ ಇನ್ನೊಂದು ಭಾಗ ಬದಲಾಗುವುದು ಬೇಡ.

ಭಾವ: ಹಾಗಾದರೆ ಸಂಜೆಯೇ ಬಿಟ್ಟು ಬರುತ್ತೇನೆ. ಬೆಳಗಿನ ಮೊದಲ ಸ್ಟಾರ್ಟ್ ಅವರೇ ಮಾಡಲಿ.

ನಾನು: ಹಾಗೇ ಮಾಡಿ. ಬೆಳಿಗ್ಗೆ ಓಡಿಸಿಕೊಂಡು ಹೋದರೆ ಎಂಜಿನ್ ಬಿಸಿಯಾಗಿರುತ್ತದೆ, ತೊಂದರೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.