ಅಜ್ಜನ ಡೈರಿಗಳನ್ನ ಯೂನಿವರ್ಸಿಟಿಗೆ ಕೊಡ್ಬಹುದಾ?

ಪೆರ್ಲದ ಮೊಮ್ಮಗ
ನಮ್ಮಜ್ಜ ಶಾಲೆ ಮಾಷ್ಟ್ರಾಗಿದ್ರು, 1951ರಿಂದ ಡೈರಿ ಬರೀತಿದ್ರು, ಈಗ 19 ಪುಸ್ತಕ ಮತ್ತೆ ಒಂದು ಟ್ರಂಕ್ ತುಂಬ ಕಾಗದ ಉಂಟು. ಹೆಚ್ಚಿನದ್ದು ಮಳೆ, ಅಡಕೆ ರೇಟು, ಯಾರ ಮನೆ ಮದುವೆ ಅಂತ. ಆದ್ರೆ 1956 ನವೆಂಬರ್ 1, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ದಿನ, ಮಳೆ ಇಲ್ಲ ಅಂತ ಮಾತ್ರ ಬರ್ದಿದ್ದಾರೆ, ಉಳಿದ ಪುಟ ಖಾಲಿ. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ಬಂದು ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರ್ಬೇಕು ಅಂತ ಹೇಳಿತಲ್ಲ, ಆಗ ನಾಕು ಪುಟ ತುಂಬ! ಅದನ್ನ ಓದಿದ ಮೇಲೆ ಇದು ನಮ್ಮ ಮನೇದು ಮಾತ್ರ ಅಲ್ಲ ಅಂತ ಅನ್ನಿಸ್ತಾ ಉಂಟು. ಒರಲೆ ಹಿಡಿಯುವ ಮೊದ್ಲು ಕೊಣಾಜೆಯ ಮಂಗಳೂರು ಯೂನಿವರ್ಸಿಟಿಗೋ ಪೆರಿಯದ ಕೇರಳ ಕೇಂದ್ರೀಯ ಯೂನಿವರ್ಸಿಟಿಗೋ ಕೊಡುವ ಅಂತ ನಾನು. ಅತ್ತೆ ಮಾತ್ರ ಬೇಡ ಅಂತಾರೆ, ಮನೆ ಪಾಲಿನ ಜಗಳ ಎಲ್ಲ ಅದ್ರಲ್ಲಿ ಉಂಟು. ಲ್ಯಾಮಿನೇಶನ್ ಮಾಡಿಸಿ ಮನೇಲೇ ಇಡ್ಲಾ?

ಹಳೆಕಡತ
ದಮ್ಮಯ್ಯ, ಲ್ಯಾಮಿನೇಶನ್ ಬೇಡ ಮಾರಾಯ್ರೆ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಅಂಟಿದ್ರೆ ಮತ್ತೆ ಬಿಡಿಸ್ಲಿಕ್ಕೆ ಆಗುದಿಲ್ಲ. ಸೆಲ್ಲೋಟೇಪೂ ಬೇಡ, ಗಮ್ಮು ಹಳದಿಯಾಗಿ ಅಕ್ಷರದ ಮೇಲೆ ಕಲೆ ಬೀಳ್ತದೆ. ತುಕ್ಕು ಹಿಡಿದ ಪಿನ್ನು ಇದ್ರೆ ಮೆಲ್ಲ ತೆಗೀರಿ. ಮುಖ್ಯ ವಿಷಯ, ತಾರೀಕು ನೋಡಿ ಜೋಡಿಸ್ಲಿಕ್ಕೆ ಹೋಗ್ಬೇಡಿ, ಯಾವ ಕಾಗದ ಯಾವ ಡೈರಿಯೊಳಗೆ ಇತ್ತು ಅನ್ನುದೂ ಒಂದು ಮಾಹಿತಿಯೇ.

ಅತ್ತೆಯವರ ಹೆದರಿಕೆಗೆ ದಾರಿ ಉಂಟು. ಕೊಡುವಾಗ ಬರಹದಲ್ಲಿ ಒಪ್ಪಂದ ಮಾಡ್ಕೊಳ್ಳಿ, ಇಂಥ ಪುಸ್ತಕ ಇಷ್ಟು ವರ್ಷ ಯಾರಿಗೂ ತೋರಿಸ್ಬಾರ್ದು ಅಂತ ಹಾಕ್ಬಹುದು. ಪುಸ್ತಕ ಕೊಟ್ಟ ಕೂಡ್ಲೆ ಕಾಪಿರೈಟ್ ಹೋಗುದಿಲ್ಲ, ಅದನ್ನೂ ಬೇರೆಯೇ ಬರೆಸಿ.

ಕುಂಬಳೆಯವಳು
ಕೊಡಿ ಅಂತ ನಾನಂತೂ ಹೇಳ್ತೇನೆ. ತಲಶ್ಶೇರಿಯಲ್ಲಿದ್ದ, ಮಲಯಾಳಂ ನಿಘಂಟು ಮಾಡಿದ ಜರ್ಮನ್ ಪಾದ್ರಿ ಗುಂಡರ್ಟರ ಕೈಬರಹ ಜರ್ಮನಿಯ ಟ್ಯೂಬಿಂಗನ್ ಯೂನಿವರ್ಸಿಟಿ ಲೈಬ್ರರಿಯಲ್ಲಿ ಉಳಿದದ್ದಕ್ಕೆ ಅಲ್ವಾ ಈಗ ಸ್ಕ್ಯಾನ್ ಆಗಿ ನಾವು ಮನೇಲೇ ಕೂತು ನೋಡುದು. ನನ್ನ ದೊಡ್ಡಪ್ಪನ ಕಾಗದ ಎಲ್ಲ ಮನೆ ರಿಪೇರಿ ಟೈಮಲ್ಲಿ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯ್ತು, ಇವತ್ತಿಗೂ ಹೊಟ್ಟೆ ಉರೀತದೆ. ಕೊಡುವ ಮೊದ್ಲು ಅತ್ತೆಯನ್ನ ಕೂರಿಸಿ ಡೈರಿಯಲ್ಲಿ ಬರುವ ಹೆಸರು ಯಾರ್ಯಾರದ್ದು ಅಂತ ಕೇಳಿ ಬರ್ಕೊಳ್ಳಿ, ಅವ್ರ ನಂತ್ರ ಅದನ್ನ ಹೇಳುವವರು ಯಾರಿದ್ದಾರೆ?

ಪೆರ್ಲದ ಮೊಮ್ಮಗ
ನಿನ್ನೆ ರಾತ್ರಿ ಅತ್ತೆ ಜೊತೆ ಕೂತೆ. ಪ್ರತಿ ವಾರ ಬರುವ "ಕೆ.ಭ." ಯಾರು ಅಂತ ನಮಗೆ ಯಾರಿಗೂ ಗೊತ್ತಿರ್ಲಿಲ್ಲ, ಅಜ್ಜನಿಗೆ ಪೇಪರ್ ತಂದು ಕೊಡ್ತಿದ್ದ ಬಸ್ ಕಂಡಕ್ಟರ್ ಅಂತೆ! ಪಾಲಿನ ವರ್ಷದ ಎರಡು ಪುಸ್ತಕ ಮುಚ್ಚಿಡುದಾದ್ರೆ ಕೊಡುವ ಅಂತ ಒಪ್ಪಿದ್ರು. ಟ್ರಂಕಿಗೆ ನ್ಯಾಫ್ತಲಿನ್ ಗುಳಿಗೆ ಹಾಕಿದ್ದೇನೆ, ಇರ್ಲಾ?

ಹಳೆಕಡತ
ತೆಗೀರಿ, ಅದರ ಗಾಳಿ ಓದುವವರಿಗೆ ಒಳ್ಳೇದಲ್ಲ. ಟ್ರಂಕನ್ನ ನೆಲದಿಂದ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಇಡಿ, ವಾರಕ್ಕೊಮ್ಮೆ ತೆರೆದು ನೋಡಿ.