55-57ರ ಶೆವರ್ಲೆ ತಗೋಬೇಕು ಅಂತಿದೀನಿ, ಇಟ್ಕೊಂಡಿರೋರು ಅನುಭವ ಹೇಳಿ

ನಮಸ್ಕಾರ ಎಲ್ರಿಗೂ. ನಾನಿರೋದು ಡೆಟ್ರಾಯ್ಟ್ ಹತ್ರ. ವರ್ಷಾ ವರ್ಷ ಆಗಸ್ಟ್‌ನಲ್ಲಿ ವುಡ್‌ವರ್ಡ್ ರೋಡಲ್ಲಿ ಹಳೇ ಕಾರ್‌ಗಳ ಮೆರವಣಿಗೆ ನೋಡಿ ನೋಡಿ ಹುಚ್ಚು ಹತ್ತಿದೆ, 1955ರಿಂದ 57ರ ಒಳಗಿನ ಶೆವರ್ಲೆ ಒಂದು ಬೇಕು. ಒನ್-ಫಿಫ್ಟಿ, ಟೂ-ಟೆನ್, ಬೆಲ್ ಏರ್ ಅಂತಾರಲ್ಲ, ವ್ಯತ್ಯಾಸ ಏನು? ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಭಾನುವಾರ ಒಂದು ರೌಂಡ್ ಹೋಗೋಕೆ ಅಷ್ಟೇ. 57ರ ಬೆಲ್ ಏರ್ ಒಂದು ನೋಡಿದೀನಿ, ಪೈಂಟ್ ಫಳಫಳ ಅಂತಿದೆ, ವಿ8 (ಎಂಟು ಸಿಲಿಂಡರ್) ಇಂಜಿನ್ ಅಂತೆ.

ಒಹಾಯೋ ಗೌಡ್ರು: ಸಾರ್, ಆ ಫಳಫಳ ನೋಡಿ ಮರುಳಾಗ್ಬೇಡಿ. ಮೂರೂ ಒಂದೇ ಬಾಡಿ, ಅದೇ 115 ಇಂಚ್ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ), ಒನ್-ಫಿಫ್ಟಿ ಬೋಳು ಗಾಡಿ, ಟೂ-ಟೆನ್ ಮಧ್ಯಮ, ಬೆಲ್ ಏರ್‌ಗೆ ಕ್ರೋಮು, ಕಾರ್ಪೆಟ್ಟು, ಚೆಂದದ ಸೀಟು. ಜಾಸ್ತಿ ದುಡ್ಡು ಹೋಗೋದೆಲ್ಲ ಆ ಅಲಂಕಾರಕ್ಕೇನೇ. ನನ್ನ ಹತ್ರ ಇರೋದು 56ರ ಟೂ-ಟೆನ್, ನಾಲ್ಕು ಬಾಗಿಲಿಂದು. ಎರಡು ಬಾಗಿಲ ಹಾರ್ಡ್‌ಟಾಪ್ (ಪಕ್ಕದ ಕಿಟಕಿಗಳ ನಡುವೆ ಕಂಬ ಇಲ್ಲದ್ದು), ಕನ್ವರ್ಟಿಬಲ್, ನೋಮ್ಯಾಡ್ ವ್ಯಾಗನ್‌ಗಳ ಹಿಂದೆ ಎಲ್ರೂ ಬೀಳ್ತಾರೆ, ಸಾದಾ ಸೆಡಾನ್ ಕೇಳೋರು ಕಮ್ಮಿ, ಹಂಗಾಗಿ ಅದೇ ದುಡ್ಡಿಗೆ ಗಟ್ಟಿ ಗಾಡಿ ಸಿಗತ್ತೆ, ಮಕ್ಕಳು ಹತ್ತಿ ಇಳಿಯೋಕೂ ಸುಲಭ.

ನಿಮ್ಮ ಕಡೆ ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರೀತಾರೆ, ಆ ಉಪ್ಪು ತಗಡನ್ನ ತಿಂದುಹಾಕಿರತ್ತೆ. ಒಂದು ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ಕೊಂಡು ಹೋಗಿ, ಹೆಡ್‌ಲೈಟ್ ಮೇಲಿನ ಭಾಗ, ಬಾಗಿಲ ಕೆಳಗಿನ ರಾಕರ್, ಹಿಂದಿನ ಚಕ್ರದ ಸುತ್ತ ಇಟ್ಟು ನೋಡಿ, ಎಲ್ಲಿ ಅಂಟಲ್ವೋ ಅಲ್ಲಿ ಪುಟ್ಟಿ ಮೆತ್ತಿದಾರೆ ಅಂತ. ಕಾರ್ಪೆಟ್ ಎತ್ತಿ ನೋಡದೆ ದುಡ್ಡು ಕೊಡ್ಲೇಬೇಡಿ. ನಾನು ನೋಡಿದ ಒಂದು ಗಾಡೀಲಿ ಕೆಳಗೆಲ್ಲ ಹೊಸಾ ಕಪ್ಪು ಕೋಟಿಂಗ್ ಬಳಿದಿದ್ರು, ಬೆರಳಲ್ಲಿ ಒತ್ತಿದ್ರೆ ಡ್ರೈವರ್ ಕಾಲ ಕೆಳಗಿನ ತಗಡು ಒಳಗೆ ಹೋಗ್ತಿತ್ತು, ರಿವೆಟ್ ಹೊಡೆದು ಯಾವ್ದೋ ತಗಡು ಕೂರಿಸಿದ್ರು. ಇಂಜಿನ್ ಕೆಟ್ರೆ ಬೇರೆ ಹಾಕ್ಬಹುದು, ಬಾಡಿ ರಿಪೇರಿಗೆ ಇಳಿದ್ರೆ ಕಾರಿನ ರೇಟಿಗಿಂತ ಜಾಸ್ತಿ ಆಗತ್ತೆ.

ಕ್ರೋಮ್ ಕುಮಾರ: ಬೆಲ್ ಏರ್ ಅಂತ ಹೇಳಿದ ತಕ್ಷಣ ನಂಬ್ಬೇಡಿ ಅಣ್ಣ, ಬ್ಯಾಡ್ಜು, ಕ್ರೋಮ್ ಪಟ್ಟಿ ಎಲ್ಲಾ ಹೊಸದು ಸಿಗತ್ತೆ, ಟೂ-ಟೆನ್‌ಗೆ ಹಚ್ಚಿ ಮಾರೋರು ಇದಾರೆ. ಡ್ರೈವರ್ ಬಾಗಿಲು ತೆಗೆದ್ರೆ ಹಿಂಜ್ ಇರೋ ಕಂಬದ ಮೇಲೆ ಗಾಡಿಯ ಫ್ಯಾಕ್ಟರಿ ನಂಬರ್ ಇರೋ ಸಣ್ಣ ತಗಡು ಇರತ್ತೆ, 57ರ ವಿ8 ಬೆಲ್ ಏರ್ ಆದ್ರೆ ವಿಸಿ57 ಅಂತ ಶುರುವಾಗ್ಬೇಕು. ಸಿ ಜಾಗದಲ್ಲಿ ಬಿ ಇದ್ರೆ ಟೂ-ಟೆನ್, ಎ ಇದ್ರೆ ಒನ್-ಫಿಫ್ಟಿ. ಮುಂದಿನ ವಿ ಇಲ್ದಿದ್ರೆ ಆರು ಸಿಲಿಂಡರ್ ಗಾಡಿಗೆ ಆಮೇಲೆ ವಿ8 ಕೂರಿಸಿದಾರೆ. ಹಾಗಂತ ಬೇಡ ಅಂತಲ್ಲ, ರೇಟ್ ಇಳಿಸಿ ಕೇಳಿ.

ನಿಧಾನವೇ ಪ್ರಧಾನ: ಗೌಡ್ರೇ, ಇಂಜಿನ್ ವಿಷ್ಯ ಅಷ್ಟು ಹಗುರವಾಗಿ ಬಿಡ್ಬೇಡಿ. 55ರ 265 ಕ್ಯೂಬಿಕ್ ಇಂಚಿನ ವಿ8ನಲ್ಲಿ ಆಯಿಲ್ ಫಿಲ್ಟರ್‌ಗೆ ಬ್ಲಾಕಲ್ಲೇ ಜಾಗ ಇರ್ಲಿಲ್ಲ, 56ರಿಂದ ಬಂತು, 57ಕ್ಕೆ 283 ಬಂತು. ಆದ್ರೆ ಇವರ ಭಾನುವಾರದ ರೌಂಡಿಗೆ 235ರ ಸಿಕ್ಸೇ (ಆರು ಸಿಲಿಂಡರ್ ಇಂಜಿನ್) ಸಾಕು. ಗೇರ್ ಆಟೋಮ್ಯಾಟಿಕ್ ಬೇಕಂದ್ರೆ ಎರಡೇ ಗೇರಿನ ಪವರ್‌ಗ್ಲೈಡ್ ತಗೊಳ್ಳಿ, 57ರಲ್ಲಿ ಬಂದ ಇನ್ನೊಂದು ಆಟೋಮ್ಯಾಟಿಕ್ ಟರ್ಬೋಗ್ಲೈಡ್ ರಿಪೇರಿ ಮಾಡೋರನ್ನ ಹುಡುಕೋದೇ ತಲೆನೋವು. ಅದಕ್ಕಿಂತ ಮುಖ್ಯ ಬ್ರೇಕು. ನಾಲ್ಕೂ ಡ್ರಮ್ಮು, ಒಂದೇ ಸರ್ಕ್ಯೂಟು, ಎಲ್ಲಾದ್ರೂ ಒಂದು ಕಡೆ ಪೈಪ್ ಸೋರಿದ್ರೆ ಪೆಡಲ್ ನೆಲಕ್ಕೆ ಹೋಗಿ ನಾಲ್ಕೂ ಚಕ್ರದ ಬ್ರೇಕ್ ಹೋಗತ್ತೆ. ಮಕ್ಕಳನ್ನ ಕೂರಿಸೋದಾದ್ರೆ ಡ್ಯುಯಲ್ ಮಾಸ್ಟರ್ ಸಿಲಿಂಡರ್ (ಮುಂದೆ ಹಿಂದೆ ಬ್ರೇಕ್‌ಗೆ ಬೇರೆ ಬೇರೆ ಸರ್ಕ್ಯೂಟ್ ಕೊಡೋದು) ಹಾಕಿಸಿ, ಸೀಟ್ ಬೆಲ್ಟೂ ಹಾಕಿಸಿ, ಒರಿಜಿನಲ್ ಅಲ್ಲ ಅಂತ ಯಾರಾದ್ರೂ ಮೂಗು ಮುರಿದ್ರೆ ಮುರೀಲಿ.

ಸೌಭಾಗ್ಯ ಅಕ್ಕ: ಎಲ್ಲಾ ಸರಿ, ಆದ್ರೆ ಮನಸ್ಸಿಗೆ ಹಿಡಿದಿರೋದು ಬೆಲ್ ಏರ್ ಆದ್ರೆ ಸೆಡಾನ್ ತಗೊಂಡು ಮೂರು ವರ್ಷ ಕೊರಗೋದ್ಯಾಕೆ ಮಾರಾಯ್ರೆ? ಗಟ್ಟಿ ಇದ್ರೆ ತಗೊಳ್ಳಿ. ಇನ್ಶೂರೆನ್ಸ್ ಮಾತ್ರ ಮಾಮೂಲಿದು ಬೇಡ, ಮೊದಲೇ ಒಪ್ಪಿದ ಬೆಲೆ ಬರೆದುಕೊಡೋ ಪಾಲಿಸಿ ಮಾಡಿಸಿ.

ಕೇಳಿದವ್ನು: ಥ್ಯಾಂಕ್ಸ್ ಎಲ್ರಿಗೂ. ಹೋಗಿ ನೋಡ್ಕೊಂಡು ಬಂದೆ. ನಂಬರ್ ಬಿ57 ಅಂತ ಶುರುವಾಗತ್ತೆ, ಅಂದ್ರೆ ಟೂ-ಟೆನ್, ಅದೂ ಹುಟ್ಟಿದ್ದು ಸಿಕ್ಸ್ ಆಗಿ. ತಗಡು ಮಾತ್ರ ಮ್ಯಾಗ್ನೆಟ್‌ಗೆ ಎಲ್ಲಾ ಕಡೆ ಅಂಟ್ತು. ಓನರ್ ಬೆಲ್ ಏರ್ ರೇಟೇ ಹೇಳ್ತಿದಾರೆ, ಚೌಕಾಸಿ ನಡೀತಿದೆ. ಅಂದಹಾಗೆ ಪೆಟ್ರೋಲ್ ಹಾಕೋ ಮುಚ್ಚಳ ಎಲ್ಲೂ ಕಾಣ್ಲಿಲ್ಲ!

ಕ್ರೋಮ್ ಕುಮಾರ: ಹಿಂದೆ ಎಡಗಡೆ ರೆಕ್ಕೆ ಥರ ಎದ್ದಿರೋ ಭಾಗದ ತುದೀಲಿ ಕ್ರೋಮ್ ತುಂಡು ಇದೆಯಲ್ಲ ಅಣ್ಣ, ಅದನ್ನ ಎಳೀರಿ, ಅದರ ಹಿಂದೆ ಇದೆ. 56ರಲ್ಲಿ ಎಡಗಡೆ ಟೇಲ್‌ಲೈಟ್ ಹಿಂದೆ.