ಪದಚರ್ಚೆ: ‘ಆಂಬಿಯೆಂಟ್’ ಸಂಗೀತಕ್ಕೆ ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅವರ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಗ್ಗೆ ಪುಟ ಅಚ್ಚಿಗೆ ಹೋಗುತ್ತದೆ. ‘ಹಿನ್ನೆಲೆ ಸಂಗೀತ’ ಎಂದು ಬರೆದಿದ್ದೆ, ಸಂಪಾದಕರು ಒಪ್ಪುತ್ತಿಲ್ಲ. ‘ವಾತಾವರಣ ಸಂಗೀತ’ ಆಗಬಹುದಾ?

ಮರು:
ಆಗದು. ವಾತಾವರಣ ಅಂದರೆ ಮಳೆ, ಮೋಡ. ಹಿನ್ನೆಲೆ ಅಂದರೆ ಸಿನಿಮಾ. ಅಂಗಡಿ, ಲಿಫ್ಟುಗಳಲ್ಲಿ ಸುಮ್ನೆ ಹರಿಯಬಿಡುವ ಸಂಗೀತ ಬೇಡವೆಂದೇ ಈನೋ ‘ಆಂಬಿಯೆಂಟ್’ ಎಂಬ ಹೆಸರು ಹಿಡಿದದ್ದು. ಅಂಥ ಸಂಗೀತ ಜಾಗದ ಗುಣವನ್ನು ಮುಚ್ಚುತ್ತದೆ, ತಮ್ಮದು ಎತ್ತಿ ತೋರಿಸಬೇಕು ಎಂಬುದು ಅವರ ಹಟ. ಕಿವಿಗೊಟ್ಟರೂ ಸರಿ, ಕೊಡದಿದ್ದರೂ ಸರಿ. ನಡುವೆ ವಿಮಾನದ ಪ್ರಕಟಣೆ ಬಂದರೂ ಕೆಡಬಾರದು. 1980ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಲ್ಲಿ ಇದನ್ನು ಹಾಕಿಯೂ ಇದ್ದರು.

ಆ ಆಲ್ಬಮ್ಮಿನ ಎರಡನೇ ತುಣುಕು ಕೇಳಿ. ಬರೀ ದನಿಗಳು, ಪದವಿಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ಟೇಪ್ ಸುರುಳಿ, ತುದಿಗೆ ತುದಿ ಅಂಟಿಸಿ ಸುತ್ತುತ್ತಲೇ ಇರುವಂಥದ್ದು. ಒಂದು 23.5 ಸೆಕೆಂಡಿಗೆ ತಿರುಗಿ ಬರುತ್ತದೆ, ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಸುಮಾರು 30ಕ್ಕೆ. ಹಾಗಾಗಿ ಈಗ ಜೊತೆಯಾದ ಸ್ವರಗಳು ಮುಂದಿನ ಸುತ್ತಿನಲ್ಲಿ ಜೊತೆಯಾಗುವುದಿಲ್ಲ. ಎಷ್ಟೋ ಹೊತ್ತು ಮೌನವೇ ಇರುತ್ತದೆ. ‘ಆಂಬಿಯೆಂಟ್’ ಪದದ ಲ್ಯಾಟಿನ್ ಮೂಲದ ಅರ್ಥವೂ ‘ಸುತ್ತ ಹೋಗು’ ಎಂದೇ. ನಮ್ಮಲ್ಲಿ ‘ಬಳಸು’ ಇಲ್ಲವೇ? ‘ಸುತ್ತಿ ಬಳಸಿ ಮಾತಾಡಬೇಡ’ ಅನ್ನುತ್ತೇವಲ್ಲ, ಅದೇ. ‘ಬಳಸುಲಿ’ ಎಂದು ಹಾಕಿ.

ಮರು:
ಮೇಷ್ಟ್ರೇ, ‘ಬಳಸುಲಿ’ ಅಂದರೆ ಓದುಗರು ‘ಉಪಯೋಗಿಸುವ ದನಿ’ ಅಂದುಕೊಳ್ಳುತ್ತಾರೆ. ಹಳಗನ್ನಡದ ಅರ್ಥ ತಂದು ಪತ್ರಿಕೆಯಲ್ಲಿ ಹಾಕಿದರೆ ಯಾರಿಗೆ ಲಾಭ? ‘ಆಂಬಿಯೆಂಟ್’ ಎಂದೇ ಬಿಡಿ. ಪಿಟೀಲು, ಹಾರ್ಮೋನಿಯಂ ಬರಲಿಲ್ವಾ?

ಮರು:
ಅವು ವಾದ್ಯಗಳು. ವಸ್ತು ಬಂದಾಗ ಹೆಸರೂ ಜೊತೆಗೆ ಬಂತು, ತಕರಾರಿಲ್ಲ. ಇಲ್ಲಿ ಹೆಸರಿಡಬೇಕಾದ್ದು ಕೇಳುವ ರೀತಿಗೆ. ಅದನ್ನು ಹೇಳಲೂ ಕನ್ನಡದಲ್ಲಿ ಶಕ್ತಿಯಿಲ್ಲ ಅನ್ನುವುದು ಸೋಮಾರಿತನ.

ಮರು:
ಸೋಮಾರಿತನವಲ್ಲ. ಈ ಸಂಗೀತ ಕೇಳುವ ಕನ್ನಡದ ಹುಡುಗರು ಆಂಬಿಯೆಂಟ್ ಅಂತಲೇ ಅನ್ನುತ್ತಾರೆ. ಅವರ ಕನ್ನಡವೂ ಕನ್ನಡವೇ.

ಮರು:
ಇಬ್ಬರಿಗೂ ಧನ್ಯವಾದ. ‘ಸುತ್ತಣ ಸಂಗೀತ’ ಎಂದು ಕಳಿಸುತ್ತಿದ್ದೇನೆ. ಮೊದಲ ಸಲ ಬರುವ ಕಡೆ ಮಾತ್ರ ‘ಆಂಬಿಯೆಂಟ್ ಎಂದು ಕರೆಯುವ’ ಎಂದು ಸೇರಿಸಿದ್ದೇನೆ.

ಮರು:
‘ಸುತ್ತಣ’ ಆಗಬಹುದು. ಆದರೆ ಲೇಖನದ ಒಳಗೆಲ್ಲೂ ‘ವಾತಾವರಣ’ ಉಳಿಯದಂತೆ ಒಮ್ಮೆ ಹುಡುಕಿ ನೋಡಿ.